ಬಾಲ್ಕನಿಯಲ್ಲಿ ಹೂ ಬಿಡೋ ಕ್ಯಾಕ್ಟಸ್: ಮ್ಯಾಮಿಲೇರಿಯಾ, ಜಿಮ್ನೋ, ಎಕಿನಾಪ್ಸಿಸ್ ಪಕ್ಕಪಕ್ಕದಲ್ಲಿಟ್ಟು ನೋಡಿದ್ದು

ಬೆಂಗಳೂರಿನ ನರ್ಸರಿಗಳಲ್ಲಿ ಹೂ ಬಿಡುವ ಪುಟ್ಟ ಕ್ಯಾಕ್ಟಸ್ ಬೇಕು ಅಂತ ಕೇಳಿದರೆ ಹೆಚ್ಚಾಗಿ ಸಿಗುವುದು ಮೂರು: ಮ್ಯಾಮಿಲೇರಿಯಾ, ಜಿಮ್ನೋಕ್ಯಾಲಿಸಿಯಂ (ಎಲ್ಲರೂ ಜಿಮ್ನೋ ಅಂತಲೇ ಕರೆಯುತ್ತಾರೆ), ಎಕಿನಾಪ್ಸಿಸ್. ಮೂರನ್ನೂ ನಮ್ಮ ಮನೆಯ ಪೂರ್ವದ ಬಾಲ್ಕನಿಯಲ್ಲಿ ಒಂದೇ ಸಾಲಿನಲ್ಲಿ ಇಟ್ಟು ಕೆಲವು ವರ್ಷಗಳಿಂದ ಬೆಳೆಸುತ್ತಿದ್ದೇನೆ. ಒಂದೇ ಮಣ್ಣು, ಒಂದೇ ಅಳತೆಯ 4 ಇಂಚಿನ ಕುಂಡ. ಹೋಲಿಸಿ ನೋಡೋಣ ಅಂತ ತಾರಸಿಯ ಮೇಲೂ ಒಂದೊಂದು ಇಟ್ಟಿದ್ದೇನೆ. ಮೊದಲೇ ಹೇಳಿಬಿಡುತ್ತೇನೆ: ಬೆಳಗಿನ ಅರ್ಧ ದಿನ ಮಾತ್ರ ಬಿಸಿಲು ಬೀಳುವ ಬಾಲ್ಕನಿ ನಿಮ್ಮದಾದರೆ ಕಣ್ಣು ಮುಚ್ಚಿಕೊಂಡು ಜಿಮ್ನೋ ತನ್ನಿ. ಅಂಗಡಿಯವರು ಜಾಸ್ತಿ ತೋರಿಸುವುದು ಮ್ಯಾಮಿಲೇರಿಯಾ, ಆದರೂ.

ಮ್ಯಾಮಿಲೇರಿಯಾ ಕೆಟ್ಟ ಗಿಡ ಅಂತಲ್ಲ. ಬಿಸಿಲು ಸಿಕ್ಕರೆ ಅದರಷ್ಟು ಧಾರಾಳವಾಗಿ ಹೂ ಬಿಡೋದು ಬೇರೊಂದಿಲ್ಲ. ಮೂಲ ಹೆಚ್ಚಾಗಿ ಮೆಕ್ಸಿಕೋ. ಮೈಮೇಲೆ ಸಣ್ಣ ಸಣ್ಣ ಗುಬುಟುಗಳು, ಆ ಗುಬುಟುಗಳ ಸಂದಿಯಲ್ಲಿ ಮೊಗ್ಗು. ಹಿಂದಿನ ವರ್ಷ ಬೆಳೆದ ಭಾಗದಲ್ಲಿ ಮೊಗ್ಗು ಬರುವುದರಿಂದ ಹೂಗಳು ನೆತ್ತಿಯ ಸುತ್ತ ಉಂಗುರ ಕಟ್ಟಿಕೊಂಡು ನಿಲ್ಲುತ್ತವೆ. ತಾರಸಿಯ ಗಿಡದಲ್ಲಿ ಜನವರಿ ಕೊನೆಗೆ ಶುರುವಾಗಿ ಮಾರ್ಚ್ ತನಕ ಒಂದು ಉಂಗುರ ಮುಗಿಯುವಷ್ಟರಲ್ಲಿ ಇನ್ನೊಂದು. ಹೂ ಚಿಕ್ಕದು, ಹೆಬ್ಬೆರಳಿನ ಉಗುರಿನಷ್ಟೂ ಇಲ್ಲ, ಆದರೆ ಸಂಖ್ಯೆ ಜಾಸ್ತಿ. ಆಮೇಲೆ ಕೆಲವು ಜಾತಿಗಳಲ್ಲಿ ಸಣ್ಣ ಕೆಂಪು ಮೆಣಸಿನಕಾಯಿ ಥರದ ಕಾಯಿ ಬೇರೆ ಬಿಡುತ್ತದೆ, ಅದೂ ನೋಡಲು ಚೆಂದ.

ಬಾಲ್ಕನಿಯ ಗಿಡದ ಕಥೆ ಬೇರೆ. ಅಲ್ಲಿ ಬಿಸಿಲು ಬೀಳುವ ಒಂದು ಮಗ್ಗುಲಲ್ಲಿ ಮಾತ್ರ ನಾಲ್ಕೈದು ಹೂ, ಗೋಡೆ ಕಡೆಗೆ ಏನೂ ಇಲ್ಲ. ಮಳೆಗಾಲದ ಮೋಡದ ದಿನಗಳಲ್ಲಿ ಗಿಡ ಬೆಳಕು ಹುಡುಕಿಕೊಂಡು ಉದ್ದಕ್ಕೆ ಎಳೆದುಕೊಳ್ಳುತ್ತದೆ, ತುದಿ ಸಣ್ಣಗಾಗುತ್ತದೆ. ಒಮ್ಮೆ ಹಾಗೆ ಆದ ಮೇಲೆ ಆ ಆಕಾರ ಸರಿಹೋಗುವುದಿಲ್ಲ. ಇದಕ್ಕೆ ದಿನಕ್ಕೆ 5–6 ಗಂಟೆ ನೇರ ಬಿಸಿಲು ಬೇಕೇ ಬೇಕು.

ಇನ್ನೊಂದು ತೊಂದರೆ ಹಿಟ್ಟು ತಿಗಣೆ. ಇದು ಮೂರು ಗಿಡಗಳಿಗೂ ಬರುತ್ತದೆ, ಆದರೆ ಮ್ಯಾಮಿಲೇರಿಯಾದಲ್ಲಿ ಕಣ್ಣಿಗೇ ಬೀಳುವುದಿಲ್ಲ. ಗುಬುಟುಗಳ ಸಂದಿಯಲ್ಲಿ ಗಿಡದ್ದೇ ಬಿಳಿ ಉಣ್ಣೆ ಇರುತ್ತದೆ, ತಿಗಣೆಯೂ ಬಿಳಿ ಹತ್ತಿಯ ಹಾಗೇ. ನಾನು ಗುರುತು ಹಿಡಿಯುವುದು ಹೀಗೆ: ಒಂದು ಕಡ್ಡಿಯಿಂದ ಮೆಲ್ಲಗೆ ಮುಟ್ಟಿದಾಗ ಉಣ್ಣೆ ಆದರೆ ಒಣಗಿ ಅಲ್ಲೇ ಅಂಟಿಕೊಂಡಿರುತ್ತದೆ, ತಿಗಣೆ ಆದರೆ ಮೇಣದ ಹಾಗೆ ಬಳಿದುಕೊಂಡು ಬರುತ್ತದೆ. ಕಿವಿ ತೊಳೆಯುವ ಹತ್ತಿ ಕಡ್ಡಿಯನ್ನು ಸರ್ಜಿಕಲ್ ಸ್ಪಿರಿಟ್‌ನಲ್ಲಿ ಅದ್ದಿ ಒಂದೊಂದೇ ಸಂದಿ ಒರೆಸಬೇಕು. ಸಂಜೆ ಹೊತ್ತು ಮಾಡಿ, ಬಿಸಿಲಲ್ಲಿ ಬೇಡ.

ಈಗ ಜಿಮ್ನೋ. ಇದರ ತವರು ದಕ್ಷಿಣ ಅಮೆರಿಕ: ಅರ್ಜೆಂಟೀನಾ, ಪರಾಗ್ವೆ, ಉರುಗ್ವೆ, ಬೊಲಿವಿಯಾ, ಬ್ರೆಜಿಲ್‌ನ ದಕ್ಷಿಣ ಭಾಗ. ಅಲ್ಲಿ ಎಷ್ಟೋ ಜಾತಿಗಳು ಹುಲ್ಲಿನ ನಡುವೆ, ಪೊದೆಗಳ ಬುಡದಲ್ಲಿ ಬೆಳೆಯುತ್ತವೆ. ಅದಕ್ಕೇ ಇಡೀ ದಿನದ ಬಿಸಿಲು ಇಲ್ಲದಿದ್ದರೂ ಅವಕ್ಕೆ ನಡೆಯುತ್ತದೆ. ನಮ್ಮ ಬಾಲ್ಕನಿಯಲ್ಲಿ ಬೆಳಗ್ಗೆ ಹತ್ತೂವರೆ ತನಕ ಬಿಸಿಲು, ಆಮೇಲೆ ಬರೀ ಬೆಳಕು. ಅಷ್ಟರಲ್ಲೇ ಅದು ಫೆಬ್ರವರಿ ಕೊನೆಯಿಂದ ಮಳೆ ಹಿಡಿಯುವ ತನಕ ಬಿಟ್ಟು ಬಿಟ್ಟು ಹೂ ಬಿಡುತ್ತದೆ. ತಾರಸಿಯಲ್ಲಿ ಇಟ್ಟದ್ದು ಏಪ್ರಿಲ್ ಬಿಸಿಲಿಗೆ ಕಂದು ಬಣ್ಣಕ್ಕೆ ತಿರುಗಿತು, ನೆರಳು ಬಲೆಯ ಕೆಳಗೆ ತಂದಿಟ್ಟ ಮೇಲೆ ಸುಧಾರಿಸಿತು. ಅಂದರೆ ಮ್ಯಾಮಿಲೇರಿಯಾಗೆ ಸರಿ ಇದ್ದ ಜಾಗ ಇದಕ್ಕೆ ಜಾಸ್ತಿ ಆಯಿತು.

ಜಿಮ್ನೋ ಮೊಗ್ಗನ್ನು ಹತ್ತಿರದಿಂದ ನೋಡಿ. ಉಳಿದ ಎಷ್ಟೋ ಕ್ಯಾಕ್ಟಸ್‌ಗಳ ಮೊಗ್ಗಿನ ಮೇಲೆ ಕೂದಲೋ ಮುಳ್ಳೋ ಇರುತ್ತದೆ. ಇದರ ಮೊಗ್ಗು ನುಣುಪು, ಮೀನಿನ ಹುರುಪೆಯ ಹಾಗೆ ಒಂದರ ಮೇಲೊಂದು ಹಸಿರು ಪದರ, ಪ್ರತಿ ಪದರಕ್ಕೂ ತೆಳುವಾದ ಬಿಳಿ ಅಂಚು. ನೆತ್ತಿಯ ಹತ್ತಿರ ಹೊಸ ಬೆಳವಣಿಗೆಯಲ್ಲಿ ಕಾಣಿಸಿಕೊಳ್ಳುತ್ತದೆ, ಕೆಲವು ವಾರ ಹಾಗೇ ನಿಧಾನವಾಗಿ ಉದ್ದವಾಗುತ್ತದೆ. ಅರಳಿದ ದಿನ ಬೆಳಗ್ಗೆ ಹತ್ತರ ಸುಮಾರಿಗೆ ಬಿಚ್ಚಿಕೊಂಡು ಸಂಜೆ ಮುಚ್ಚಿಕೊಳ್ಳುತ್ತದೆ, ಮರುದಿನ ಮತ್ತೆ ಬಿಚ್ಚುತ್ತದೆ. ಒಂದೊಂದು ಹೂ ಹೀಗೆ ನಾಲ್ಕೈದು ದಿನವಾದರೂ ಉಳಿಯುತ್ತದೆ, ತಂಪಿದ್ದರೆ ಇನ್ನೂ ಒಂದೆರಡು ದಿನ. ಬಾಲ್ಡಿಯಾನಂ ಅನ್ನುವ ಜಾತಿಯಲ್ಲಿ ಗಾಢ ಕೆಂಪು ಹೂ, ಅನಿಸಿಟ್ಸಿಯಲ್ಲಿ ಬಿಳಿ. ನನಗೆ ಬಾಲ್ಡಿಯಾನಂ ಬಹಳ ಇಷ್ಟ, ಗಿಡ ಬರೀ ಎರಡು ಇಂಚು ಅಗಲ ಇರುವಾಗಲೇ ಮೊಗ್ಗು ಹಿಡಿಯಿತು. ಮುಳ್ಳು ಮೈಗೆ ಅಂಟಿಕೊಂಡು ಬಾಗಿರುತ್ತದೆ, ಮಕ್ಕಳಿರುವ ಮನೆಗೂ ಪರವಾಗಿಲ್ಲ.

ಒಂದು ಎಚ್ಚರಿಕೆ. ಬಹಳ ದಿನ ಒಣಗಲು ಬಿಟ್ಟು ಒಮ್ಮೆಗೇ ಸುರಿದರೆ ಜಿಮ್ನೋ ಮೈ ಸೀಳಬಹುದು. ಚಳಿಗಾಲ ಮುಗಿದ ಮೇಲಿನ ಮೊದಲ ನೀರು ಅರ್ಧ ಲೋಟ ಸಾಕು.

ಎಕಿನಾಪ್ಸಿಸ್ ಬಗ್ಗೆ ಬರೆಯುವಾಗ ನನಗೆ ಎರಡು ಮನಸ್ಸು. ಮೂರರಲ್ಲಿ ಅತಿ ದೊಡ್ಡ ಹೂ ಇದರದ್ದೇ. ಗಿಡ ಟೆನಿಸ್ ಚೆಂಡಿಗಿಂತ ಸ್ವಲ್ಪ ದೊಡ್ಡದು, ಹೂವಿನ ಕೊಳವೆ 20 ಸೆಂಟಿಮೀಟರ್ ಹತ್ತಿರ ಹೋಗುತ್ತದೆ! ಬೂದು ಕೂದಲಿನ ಮೊಗ್ಗು ಪಕ್ಕದಿಂದ ಹೊರಟು ಕೊನೆಯ ದಿನಗಳಲ್ಲಿ ನೋಡನೋಡುತ್ತಲೇ ಉದ್ದವಾಗುತ್ತದೆ. ಸಂಜೆ ಅರಳಲು ಶುರು, ರಾತ್ರಿ ಪೂರ್ತಿ, ಮರುದಿನ ಬಿಸಿಲೇರುವ ಹೊತ್ತಿಗೆ ಜೋಲು. ಬಿಳಿಯದಕ್ಕೆ ಒಳ್ಳೆಯ ಪರಿಮಳವೂ ಇದೆ. ಕೆಲಸದಿಂದ ತಡವಾಗಿ ಮನೆಗೆ ಬರುವವರಿಗೆ ಇದೇ ಸರಿ, ಜಿಮ್ನೋ ಹೂ ಅವರು ಬರುವಷ್ಟರಲ್ಲಿ ಮುಚ್ಚಿರುತ್ತದೆ ಅಲ್ವಾ. ಆದರೆ ಊರಿಗೆ ಹೋದ ದಿನವೇ ಅರಳಿದರೆ ಆ ಸಲದ ಹೂ ಹೋದಂತೆಯೇ.

ಸಾಕುವುದು ಸುಲಭ, ಬಿಸಿಲು ಮಳೆ ಎರಡನ್ನೂ ತಾಳಿಕೊಳ್ಳುತ್ತದೆ. ಬುಡದಲ್ಲಿ ಮರಿಗಳು ಮಾತ್ರ ಲೆಕ್ಕವಿಲ್ಲದಷ್ಟು. ಮರಿಗಳನ್ನು ಹಾಗೇ ಬಿಟ್ಟರೆ ಗಿಡ ಗುಂಪಾಗುತ್ತಾ ಹೋಗುತ್ತದೆ, ಹೂ ಕಡಿಮೆ. ನಾನು ನಾಲ್ಕೈದನ್ನು ಬಿಟ್ಟು ಉಳಿದದ್ದು ಕಿತ್ತು ಅಕ್ಕಪಕ್ಕದವರಿಗೆ ಕೊಡುತ್ತೇನೆ. ಮೊಗ್ಗು ಕಂಡ ಮೇಲೆ ಕುಂಡ ತಿರುಗಿಸಬೇಡಿ, ಜಾಗ ಬದಲಾಯಿಸಬೇಡಿ, ಮೊಗ್ಗು ಒಣಗಿ ಉದುರುತ್ತದೆ.

ಮೂರಕ್ಕೂ ಅನ್ವಯಿಸುವುದು ಚಳಿಗಾಲದ ಉಪವಾಸ. ಗೊಬ್ಬರಕ್ಕಿಂತ ಇದು ಮುಖ್ಯ ಅಂತ ನನ್ನ ಗಟ್ಟಿ ಅಭಿಪ್ರಾಯ. ನವೆಂಬರ್ ನಡುವಿನಿಂದ ಜನವರಿ ಕೊನೆ ತನಕ ನೀರು ಬಹುತೇಕ ನಿಲ್ಲಿಸಿ, ಗಿಡ ತೀರಾ ಸುಕ್ಕಾದರೆ ಮಾತ್ರ ನಾಲ್ಕು ಚಮಚ. ಬೆಂಗಳೂರಿನ ರಾತ್ರಿಗಳು ಆಗ 15 ಡಿಗ್ರಿ ಸುಮಾರಿಗೆ ಇಳಿಯುತ್ತವೆ. ಆ ತಂಪು, ಆ ಒಣಹವೆ ಎರಡೂ ಸೇರಿದರೇನೇ ಮೊಗ್ಗು. ವರ್ಷಪೂರ್ತಿ ವಾರಕ್ಕೊಮ್ಮೆ ನೀರು ಹಾಕಿದ ಗಿಡ ದುಂಡುದುಂಡಾಗಿ ಹಸಿರಾಗಿರುತ್ತದೆ, ಹೂ ಬಿಡುವುದಿಲ್ಲ. ಫೆಬ್ರವರಿಯಲ್ಲಿ ನೀರು ಶುರು ಮಾಡಿದ ಮೇಲೆ ತಿಂಗಳಿಗೊಮ್ಮೆ 0-52-34 ಗೊಬ್ಬರ (ಸಾರಜನಕ ಇಲ್ಲದ, ರಂಜಕ ಮತ್ತು ಪೊಟ್ಯಾಶ್ ಮಾತ್ರ ಇರುವ ಗೊಬ್ಬರ), ಲೀಟರ್ ನೀರಿಗೆ 1 ಗ್ರಾಂ, ಅಷ್ಟೇ. ಯೂರಿಯಾ ಬೇಡವೇ ಬೇಡ.

ಮಣ್ಣು: ಅರ್ಧಕ್ಕಿಂತ ಜಾಸ್ತಿ ದಪ್ಪ ಮರಳು ಮತ್ತು ಇಟ್ಟಿಗೆ ಚೂರು, ಉಳಿದದ್ದು ಕೆಂಪು ಮಣ್ಣು, ಒಂದು ಹಿಡಿ ಎರೆಹುಳು ಗೊಬ್ಬರ. ಅಂಗಡಿಯಿಂದ ತಂದ ಗಿಡ ಬಹುತೇಕ ಬರೀ ತೆಂಗಿನ ನಾರಿನ ಪುಡಿಯಲ್ಲಿರುತ್ತದೆ. ಅದು ಒಮ್ಮೆ ಪೂರ್ತಿ ಒಣಗಿದರೆ ನೀರು ಕುಡಿಯುವುದಿಲ್ಲ, ನೆಂದರೆ ಬೇಗ ಒಣಗುವುದಿಲ್ಲ. ಬೇರಿನ ನಡುವೆ ಸಣ್ಣ ಬಲೆಯ ಚೀಲವೊಂದು ಸಿಕ್ಕಿಕೊಂಡಿದ್ದರೆ ಅದನ್ನೂ ಕತ್ತರಿಸಿ ತೆಗೆಯಿರಿ. ನೆಟ್ಟ ಮೇಲೆ ಒಂದು ವಾರ ನೀರು ಬೇಡ, ಹರಿದ ಬೇರು ಒಣಗಲಿ.

ಕೆಂಪು, ಹಳದಿ ತಲೆಯ ಮೂನ್ ಕ್ಯಾಕ್ಟಸ್ ಈ ಹೋಲಿಕೆಯಲ್ಲಿ ಇಲ್ಲ ಯಾಕೆ ಅಂತ ಕೇಳಬಹುದು. ಆ ಬಣ್ಣದ ಚೆಂಡು ಹೂವಲ್ಲ. ಹಸಿರೇ ಇಲ್ಲದ ಜಿಮ್ನೋವನ್ನು ಡ್ರ್ಯಾಗನ್ ಫ್ರೂಟ್ ಜಾತಿಯ ಕಾಂಡಕ್ಕೆ ಕಸಿ ಕಟ್ಟಿರುತ್ತಾರೆ. ತನ್ನ ಊಟ ತಾನೇ ಮಾಡಿಕೊಳ್ಳಲಾರದ ಗಿಡ ಅದು, ಕೆಳಗಿನ ಕಾಂಡ ಸೋತರೆ ಮುಗಿಯಿತು. ಕೆಲವೇ ವರ್ಷದ ಆಟ.

ಕೊಳ್ಳುವಾಗ ಹೂವಿರುವ ಗಿಡವನ್ನೇ ನೋಡಿ ತನ್ನಿ, ಆದರೆ ಹೂವಿನ ಬುಡ ಪರೀಕ್ಷಿಸಿ. ಒಣ ಕಾಗದದ ಹಾಗೆ ಸರಸರ ಅನ್ನುವ ಬಣ್ಣದ ಹೂವನ್ನು ಬಿಸಿ ಗೋಂದಿನಿಂದ ನೆತ್ತಿಗೆ ಅಂಟಿಸಿ ಮಾರುವುದುಂಟು. ಆ ಗೋಂದು ಗಿಡ ಬೆಳೆಯುವ ತುದಿಯ ಮೇಲೇ ಕೂತಿರುತ್ತದೆ. ಜನವರಿಯಲ್ಲಿ ಲಾಲ್‌ಬಾಗ್ ಫಲಪುಷ್ಪ ಪ್ರದರ್ಶನಕ್ಕೆ ಹೋದರೆ ಮಳಿಗೆಗಳಲ್ಲಿ ಮ್ಯಾಮಿಲೇರಿಯಾ ಮೊಗ್ಗು ಹಿಡಿದಿರುವುದೇ ಸಿಗಬಹುದು, ಜಿಮ್ನೋಗೆ ಮಾರ್ಚ್ ತನಕ ಕಾದು ಹೋಗಿ.