ಮೂರು ಚಾಟ್ ಸರ್ವರ್‌ಗಳು, ತೆರೆದ ಬಾಗಿಲುಗಳೆಷ್ಟು? ಓಪನ್‌ಫೈರ್, ಇಜಾಬರ್‌ಡಿ, ಪ್ರಾಸೊಡಿ

ನಮ್ಮದು ಅನುವಾದ ಮತ್ತು ಡಿಟಿಪಿ ಕೆಲಸದ ಚಿಕ್ಕ ಕಚೇರಿ. ಹದಿನೆಂಟು ಜನ, ಅರ್ಧ ಮೈಸೂರಲ್ಲಿ, ಅರ್ಧ ಹುಬ್ಬಳ್ಳಿಯಲ್ಲಿ. ಇನ್ನೂ ಅಚ್ಚಾಗದ ಪುಸ್ತಕಗಳ ಪುಟಗಳು ದಿನವಿಡೀ ಆ ಊರಿಂದ ಈ ಊರಿಗೆ ಓಡಾಡುತ್ತವೆ. ಆ ಮಾತುಕತೆ ನಮ್ಮ ಹಿಡಿತದಲ್ಲೇ ಇರಲಿ ಎಂದು 2023ರ ಮಳೆಗಾಲದಲ್ಲಿ ಎಕ್ಸ್‌ಎಂಪಿಪಿ ಎಂಬ ಮುಕ್ತ ಚಾಟ್ ನಿಯಮಾವಳಿಯ ಮೇಲೆ ನಡೆಯುವ ಸ್ವಂತ ಸರ್ವರ್ ಹಾಕಲು ಹೊರಟೆವು. ಯಾವುದನ್ನು ಹಾಕುವುದು ಎಂಬ ಪ್ರಶ್ನೆ ನನ್ನ ಪಾಲಿಗೆ ಬಂತು.

ಸೌಲಭ್ಯಗಳ ಪಟ್ಟಿ ಓದಿದರೆ ಓಪನ್‌ಫೈರ್, ಇಜಾಬರ್‌ಡಿ, ಪ್ರಾಸೊಡಿ ಮೂರೂ ಒಂದೇ ಥರ ಕಾಣುತ್ತವೆ. ಹಾಗಾಗಿ ಪಟ್ಟಿಯನ್ನು ಬದಿಗಿಟ್ಟು ಬೇರೆ ಪ್ರಶ್ನೆ ಹಿಡಿದೆ: ಹಾಕಿದ ಕೂಡಲೇ, ಯಾವ ಸೆಟ್ಟಿಂಗನ್ನೂ ಮುಟ್ಟುವ ಮೊದಲು, ಇದು ಊರಿಗೆಲ್ಲ ಯಾವ ಯಾವ ಪೋರ್ಟ್ (ಹೊರಗಿನವರು ಬಂದು ಸೇರುವ, ಸಂಖ್ಯೆ ಇರುವ ಬಾಗಿಲು) ತೆರೆದಿಡುತ್ತದೆ? ಡೆಬಿಯನ್ 12 ಎಂಬ ಲಿನಕ್ಸ್ ಇದ್ದ ಬಾಡಿಗೆಯ ವಿಪಿಎಸ್ (ಇಂಟರ್‌ನೆಟ್‌ನಲ್ಲಿ ಸಿಗುವ ವರ್ಚುವಲ್ ಯಂತ್ರ) ಒಂದರಲ್ಲಿ ಒಂದಾದ ಮೇಲೊಂದರಂತೆ ಮೂರನ್ನೂ ಹಾಕಿದೆ. ಪ್ರತಿ ಸಲವೂ ಯಂತ್ರವನ್ನು ಪೂರ್ತಿ ಅಳಿಸಿ ಹೊಸದಾಗಿ ಶುರು ಮಾಡಿದೆ. ತೆರೆದ ಪೋರ್ಟ್‌ಗಳನ್ನು ನೋಡಲು ಒಳಗಿನಿಂದ ಎಸ್‌ಎಸ್ ಆದೇಶ, ಹೊರಗೆ ನನ್ನ ಲ್ಯಾಪ್‌ಟಾಪಿನಿಂದ ಎನ್‌ಮ್ಯಾಪ್ ಎಂಬ ತಂತ್ರಾಂಶ. ಎನ್‌ಮ್ಯಾಪ್ ತಾನಾಗಿ ನೋಡುವುದು ಹೆಚ್ಚು ಬಳಕೆಯ 1000 ಪೋರ್ಟ್‌ಗಳನ್ನು ಮಾತ್ರ. 65535ನ್ನೂ ನೋಡು ಎಂದು ನಾವೇ ಹೇಳಬೇಕು. ಮೊದಲ ದಿನ ಅದನ್ನು ಹೇಳದೆ ಅರ್ಧ ಉತ್ತರವನ್ನೇ ಪೂರ್ತಿ ಎಂದು ನಂಬಿದ್ದೆ.

ಮೂರರಲ್ಲೂ ಸಮಾನವಾಗಿರುವುದನ್ನು ಮೊದಲು ಹೇಳಿಬಿಡುತ್ತೇನೆ. ಬಳಕೆದಾರರ ಆ್ಯಪ್ ಬಂದು ಸೇರುವುದು 5222ಕ್ಕೆ, ಒಂದು ಸರ್ವರ್ ಇನ್ನೊಂದು ಸರ್ವರ್ ಜೊತೆ ಮಾತಾಡುವುದು 5269ರಲ್ಲಿ. 5222ರಲ್ಲಿ ಸಂಪರ್ಕ ಬರಿಯಾಗಿ ಶುರುವಾಗಿ, ಸ್ಟಾರ್ಟ್‌ಟಿಎಲ್‌ಎಸ್ ಎಂಬ ಒಪ್ಪಂದದ ನಂತರ ಗೂಢಲಿಪಿಗೆ ತಿರುಗುತ್ತದೆ. 5223 ತೆರೆದಿದ್ದರೆ ಅಲ್ಲಿ ಮೊದಲ ಅಕ್ಷರದಿಂದಲೇ ಟಿಎಲ್‌ಎಸ್, ಅಂದರೆ ಗೂಢಲಿಪಿ. ಚಾಟ್ ಸರ್ವರ್ ಅಂದ ಮೇಲೆ ಇವು ಬೇಕೇ ಬೇಕು, ಇವುಗಳ ಬಗ್ಗೆ ನನಗೆ ತಕರಾರಿಲ್ಲ. ವ್ಯತ್ಯಾಸ ಕಾಣುವುದು ಉಳಿದ ಪೋರ್ಟ್‌ಗಳಲ್ಲಿ.

ಓಪನ್‌ಫೈರ್‌ನಿಂದ ಶುರು ಮಾಡಿದೆ, ಏಕೆಂದರೆ ನಮ್ಮ ಕಚೇರಿಯ ಲೆಕ್ಕ ನೋಡಿಕೊಳ್ಳುವವರಿಗೆ ಅದು ಸುಲಭ. ಎಲ್ಲವೂ ಬ್ರೌಸರ್‌ನಲ್ಲಿ: ಹೆಸರು ಸೇರಿಸುವುದು, ಪಾಸ್‌ವರ್ಡ್ ಬದಲಿಸುವುದು, ಗುಂಪು ಕಟ್ಟುವುದು. ಈ ಆಡಳಿತದ ಪುಟ 9090ರಲ್ಲಿ, ಅದರ ಟಿಎಲ್‌ಎಸ್ ರೂಪ 9091ರಲ್ಲಿ. ಬ್ರೌಸರ್‌ನಿಂದ ಚಾಟ್ ಮಾಡುವವರಿಗೆ 7070 ಮತ್ತು 7443, ಹಳೆಯ ಬಗೆಯ ಫೈಲ್ ವರ್ಗಾವಣೆಗೆ 7777. ನಾನು ಹಾಕಿದ 4.7.5ರಲ್ಲಿ ಇವೆಲ್ಲ ಹೊರಗಿನಿಂದಲೂ ಕಂಡವು. ಅಷ್ಟೇ ಅಲ್ಲ, ಸೆಟಪ್ ನಡೆಯುವುದೂ 9090ರಲ್ಲೇ. ಹಾಕಿ ಮುಗಿದ ಗಳಿಗೆಯಿಂದ ನಾನು ಸೆಟಪ್ ಮುಗಿಸುವವರೆಗೆ, ಆ ವಿಳಾಸಕ್ಕೆ ಯಾರು ಮೊದಲು ಬಂದರೂ ಅಡ್ಮಿನ್ ಆಗಬಹುದಿತ್ತು.

ಇದು ಬರಿ ಅಂಜಿಕೆಯಲ್ಲ. ಅದೇ ವರ್ಷದ ಮೇ ತಿಂಗಳಲ್ಲಿ ಓಪನ್‌ಫೈರ್ ಆಡಳಿತ ಪುಟದ ಒಂದು ದೊಡ್ಡ ದೋಷ ಬಯಲಾಗಿತ್ತು, ದೋಷಗಳ ಪಟ್ಟಿಯಲ್ಲಿ ಅದರ ಸಂಖ್ಯೆ ಸಿವಿಇ-2023-32315. ಸೆಟಪ್ ಪುಟಗಳ ದಾರಿಯನ್ನು ತಿರುಚಿ ಬರೆದರೆ ಪಾಸ್‌ವರ್ಡ್ ಇಲ್ಲದೆಯೇ ಆಡಳಿತ ಪುಟಗಳೊಳಗೆ ಹೋಗಬಹುದಿತ್ತು. 2015ರ 3.10ರಿಂದಲೂ ಇದ್ದ ತೂತು ಅದು, 4.6.8 ಮತ್ತು 4.7.5ರಲ್ಲಿ ಮುಚ್ಚಿದರು. 9090, 9091 ಎರಡೂ ಹೊರಗೆ ಕಾಣದಂತೆ ಇಟ್ಟುಕೊಂಡಿದ್ದವರಿಗೆ ಹೊರಗಿನವರ ಭಯ ಇರಲಿಲ್ಲ. ಓಪನ್‌ಫೈರ್ ಬೇಕೇ ಬೇಕು ಅನ್ನುವವರು ಮೊದಲು ಬೇಡದ ಪೋರ್ಟ್‌ಗಳನ್ನು ತಡೆಯುವ ಫೈರ್‌ವಾಲ್ ಹಾಕಿ, ಆಮೇಲೆ ಓಪನ್‌ಫೈರ್ ಹಾಕಿ. ಓಪನ್‌ಫೈರ್ ಎಕ್ಸ್‌ಎಂಎಲ್ ಕಡತದಲ್ಲಿ ಆಡಳಿತ ಪುಟದ ಇಂಟರ್‌ಫೇಸ್ 127.0.0.1 (ಆ ಯಂತ್ರದ ಒಳಗಿನವರಿಗೆ ಮಾತ್ರ ಸಿಗುವ ವಿಳಾಸ) ಎಂದು ಬರೆದು, ಎಸ್‌ಎಸ್‌ಎಚ್ ಟನೆಲ್ ಎಂಬ ಗೂಢಲಿಪಿಯ ಒಳದಾರಿಯ ಮೂಲಕ ಮಾತ್ರ ಒಳಗೆ ಹೋಗಿ. ಆದರೆ ಹೀಗೆ ಮಾಡಿದ ಮೇಲೆ ನಮ್ಮ ಲೆಕ್ಕದವರಿಗೆ ಎಸ್‌ಎಸ್‌ಎಚ್ ಕಲಿಸಬೇಕಾಯಿತು. ಬ್ರೌಸರ್‌ನ ಸುಲಭ ಅಲ್ಲಿಗೆ ಹೋಯಿತು.

ಇಜಾಬರ್‌ಡಿ ಎರ್ಲಾಂಗ್ ಭಾಷೆಯದು, 2002ರಿಂದ ಬೆಳೆದು ಬಂದದ್ದು. ವಾಟ್ಸ್‌ಆ್ಯಪ್ ತನ್ನ ಸರ್ವರನ್ನು ಕಟ್ಟಿಕೊಂಡದ್ದು ಇದರ ಮೇಲೆಯೇ. ಅದನ್ನು ರೂಪಿಸುವ ಪ್ರೊಸೆಸ್‌ಒನ್ ಕಂಪನಿಯವರ ಇನ್‌ಸ್ಟಾಲರ್‌ನಿಂದ 23.04 ಹಾಕಿದೆ. 5443ರಲ್ಲಿ ಎಚ್‌ಟಿಟಿಪಿಎಸ್: ಬ್ರೌಸರ್ ಚಾಟ್, ಫೋಟೊ ಅಪ್‌ಲೋಡ್, ಬೇರೆ ತಂತ್ರಾಂಶಗಳಿಗಾಗಿ ಎಪಿಐ. 5280ರಲ್ಲಿ ಬರಿ ಎಚ್‌ಟಿಟಿಪಿ, ಆಡಳಿತ ಪುಟ ಅಲ್ಲೂ ಸಿಗುತ್ತದೆ. ಟಿಎಲ್‌ಎಸ್ ಇಲ್ಲದ ಪೋರ್ಟ್‌ನಲ್ಲಿ ಅಡ್ಮಿನ್ ಪಾಸ್‌ವರ್ಡ್ ಹೊಡೆಯುವುದು ನನಗಂತೂ ಒಪ್ಪಿಗೆಯಿಲ್ಲ. ಯುಡಿಪಿ 3478 ಕರೆಗಳಿಗೆ. 1883ರಲ್ಲಿ ಎಂಕ್ಯೂಟಿಟಿ, ಸೆನ್ಸರ್, ಪಂಪ್‌ಸೆಟ್ ನಿಯಂತ್ರಕದಂಥ ಸಾಧನಗಳಿಗೆ ಬೇಕಾದದ್ದು, ಪುಸ್ತಕ ಕಚೇರಿಗೆ ಕೆಲಸವಿಲ್ಲ. ಇವೆಲ್ಲ ವೈಎಎಂಎಲ್ ಎಂಬ ಬಗೆಯ ಸೆಟ್ಟಿಂಗ್ ಕಡತದಲ್ಲಿ ಸಾಲುಸಾಲಾಗಿ ಬರೆದಿವೆ, ಬೇಡದ್ದನ್ನು ಅಳಿಸಿದರಾಯಿತು.

ಅಳಿಸಿ, ಮರುಚಾಲನೆ ಮಾಡಿ, ಮತ್ತೆ ನೋಡಿದರೆ 4369 ಇನ್ನೂ ತೆರೆದೇ ಇದೆ! ಕಡತದಲ್ಲಿ ಹುಡುಕಿದೆ, ಆ ಸಂಖ್ಯೆಯೇ ಇಲ್ಲ. ಅದು ಇಜಾಬರ್‌ಡಿಯದ್ದಲ್ಲ, ಕೆಳಗಿರುವ ಎರ್ಲಾಂಗ್‌ನದ್ದು: ಇಪಿಎಂಡಿ ಎಂಬ ಸಣ್ಣ ಪ್ರಕ್ರಿಯೆ. ಎರ್ಲಾಂಗ್ ಯಂತ್ರಗಳು ಒಂದನ್ನೊಂದು ಹುಡುಕಿಕೊಳ್ಳಲು ಅದು ಬೇಕು. ನಮ್ಮಲ್ಲಿ ಇರುವುದೇ ಒಂದು ಯಂತ್ರ. ಇಜಾಬರ್‌ಡಿ ಸಿಟಿಎಲ್ ಕಡತದಲ್ಲಿ ಅದರ ವಿಳಾಸವನ್ನು 127.0.0.1ಕ್ಕೆ ಕಟ್ಟಿಹಾಕಿದ ಮೇಲೆ ಮುಚ್ಚಿಕೊಂಡಿತು. ತೋರಿಸಿದ ಬಾಗಿಲುಗಳನ್ನೆಲ್ಲ ಮುಚ್ಚಿದವನಿಗೂ ತೋರಿಸದ ಒಂದು ಉಳಿದಿರುತ್ತದೆ ಎಂಬುದು ನನ್ನನ್ನು ಕಾಡಿತು.

ಪ್ರಾಸೊಡಿ ಅಂದರೆ ಛಂದಸ್ಸು. ಲುವಾ ಭಾಷೆಯ ಈ ಸರ್ವರ್‌ಗೆ ಆ ಹೆಸರು ಒಪ್ಪುತ್ತದೆ, ಅಳತೆ ಮೀರಿ ಏನೂ ಇಲ್ಲ. ಡೆಬಿಯನ್‌ನದೇ 0.12 ಹಾಕಿ ನೋಡಿದರೆ 5222, 5269, ಅಷ್ಟೇ. 5280, 5281 ಎಂಬ ಎಚ್‌ಟಿಟಿಪಿ ಪೋರ್ಟ್‌ಗಳು ಇದಕ್ಕೂ ಉಂಟು. ಆದರೆ ಯಾವುದಾದರೂ ಮಾಡ್ಯೂಲ್ ಕೇಳುವವರೆಗೆ ಅವು ತೆರೆಯುವುದಿಲ್ಲ. ತೆರೆದರೂ ಟಿಎಲ್‌ಎಸ್ ಇಲ್ಲದ 5280 ಒಳಗಿನವರಿಗೆ ಮಾತ್ರ. ಆಡಳಿತಕ್ಕೆ ಬ್ರೌಸರ್ ಪುಟವೇ ಇಲ್ಲ, ಪ್ರಾಸೊಡಿಸಿಟಿಎಲ್ ಆದೇಶ ಸಾಕು. ಬೇಕಾದ್ದನ್ನು ಕೇಳಿ ತೆರೆಸಿಕೊಳ್ಳಬೇಕು ಎಂಬ ಈ ಸ್ವಭಾವ ನನಗೆ ಬಹಳ ಹಿಡಿಸಿತು. ಅದನ್ನೇ ಹಾಕಿಕೊಂಡೆವು.

ಎರಡು ವಾರ ಚೆನ್ನಾಗಿ ನಡೆಯಿತು. ಆಮೇಲೆ ಹುಬ್ಬಳ್ಳಿಯ ಸಹೋದ್ಯೋಗಿಯೊಬ್ಬರು ಕೆಲಸದ ಮೇಲೆ ಒಂದು ಕಾಲೇಜಿಗೆ ಹೋದರು. ಅಲ್ಲಿಯ ವೈಫೈನಲ್ಲಿ 80 ಮತ್ತು 443 ಬಿಟ್ಟು ಉಳಿದ ಪೋರ್ಟ್‌ಗಳೆಲ್ಲ ಬಂದ್, 5222 ಹತ್ತಲೇ ಇಲ್ಲ. ಇದಕ್ಕೆ ದಾರಿ ಉಂಟು. ಡಿಎನ್‌ಎಸ್ ಎಂಬ ಇಂಟರ್‌ನೆಟ್ ವಿಳಾಸಪಟ್ಟಿಯಲ್ಲಿ, ಯಾವ ಪೋರ್ಟ್‌ಗೆ ಬರಬೇಕೆಂದು ತಿಳಿಸುವ ಒಂದು ಎಸ್‌ಆರ್‌ವಿ ದಾಖಲೆ ಬರೆದು, ನೇರ ಟಿಎಲ್‌ಎಸ್ ಬೇಕಾದವರು 443ಕ್ಕೆ ಬನ್ನಿ ಎಂದು ಹೇಳಬಹುದು. ಎಕ್ಸ್‌ಎಂಪಿಪಿಯ ವಿಸ್ತರಣಾ ನಿಯಮವಾದ ಎಕ್ಸ್‌ಇಪಿ-0368 ಹೇಳುವುದು ಇದನ್ನೇ. ಕಾನ್ವರ್ಸೇಶನ್ಸ್, ಗಜಿಮ್ ಎಂಬ ಚಾಟ್ ಆ್ಯಪ್‌ಗಳೆರಡೂ ಆ ದಾಖಲೆಯನ್ನು ಓದುತ್ತವೆ. 443ಕ್ಕೆ ಬಂದದ್ದನ್ನು ಪ್ರಾಸೊಡಿಯ 5223ಕ್ಕೆ ತಿರುಗಿಸಿದೆ. ಅರ್ಧ ಗಂಟೆಯಲ್ಲಿ ಫೋನ್ ಬಂತು: “ಸರ್, ಮೆಸೇಜ್ ಹೊಂಟಾವ್ರಿ, ಫೋಟೊ ಒಂದು ಹೋಗವಲ್ದು.”

ಅವರು ಹೇಳಿದ ಮೇಲೆಯೇ ನನಗೆ ಹೊಳೆದದ್ದು. ಫೋಟೊ ಹೋಗುವುದು ಚಾಟ್‌ನ ದಾರಿಯಲ್ಲಲ್ಲ, ಎಚ್‌ಟಿಟಿಪಿ ಅಪ್‌ಲೋಡ್‌ನ ದಾರಿಯಲ್ಲಿ. ಪ್ರಾಸೊಡಿಯಲ್ಲಿ ಅದು 5281, ಇಜಾಬರ್‌ಡಿಯಲ್ಲಿ 5443, ಓಪನ್‌ಫೈರ್‌ನಲ್ಲಿ ಪ್ಲಗಿನ್ ಹಾಕಿದರೆ 7443. ಕಟ್ಟುನಿಟ್ಟಿನ ವೈಫೈನಲ್ಲಿ ಮೂರೂ ನಿಂತುಹೋಗುತ್ತವೆ. ಕೊನೆಗೆ 443ರಲ್ಲಿ ಎಂಜಿನ್‌ಎಕ್ಸ್ ಎಂಬ ವೆಬ್ ಸರ್ವರ್ ಕೂರಿಸಿದೆ. ಟಿಎಲ್‌ಎಸ್ ಶುರುವಾಗುವಾಗ ಆ್ಯಪ್ ಹೇಳುವ ಎಎಲ್‌ಪಿಎನ್ ಗುರುತನ್ನು ಅದು ಓದುತ್ತದೆ. ಎಕ್ಸ್‌ಎಂಪಿಪಿ ಎಂದಿದ್ದರೆ 5223ಕ್ಕೆ, ಉಳಿದದ್ದು ವೆಬ್ ಕಡೆಗೆ. ವೆಬ್ ಕಡೆಯಿಂದ ಅಪ್‌ಲೋಡ್ ಒಳಗಿನ 5280ಕ್ಕೆ ಸೇರುತ್ತದೆ. ಅಪ್‌ಲೋಡ್‌ನ ಹೊರ ವಿಳಾಸವನ್ನು ಪ್ರಾಸೊಡಿಗೆ ಬೇರೆಯಾಗಿ ಹೇಳಬೇಕು, ಇಲ್ಲದಿದ್ದರೆ ಅದು ಆ್ಯಪ್‌ಗಳಿಗೆ 5281ರ ಕೊಂಡಿಯನ್ನೇ ಕೊಡುತ್ತಿರುತ್ತದೆ. ಈ ಏರ್ಪಾಟಿನಲ್ಲಿ ಮೂರು ಸರ್ವರ್‌ಗಳಿಗೂ ಪಟ್ಟ ಶ್ರಮ ಒಂದೇ, ಯಾವುದಕ್ಕೂ ಹೆಚ್ಚು ಅಂಕ ಕೊಡಲಾರೆ.

ಕರೆಗಳ ವಿಷಯದಲ್ಲಿ ಮಾತ್ರ ಇಜಾಬರ್‌ಡಿ ಮುಂದೆ. ಬೇರೆ ಬೇರೆ ನೆಟ್‌ವರ್ಕ್‌ನಲ್ಲಿರುವ ಇಬ್ಬರ ಕರೆಯನ್ನು ಜೋಡಿಸುವ ಸ್ಟನ್, ಟರ್ನ್ ಎರಡೂ ಅದರೊಳಗೇ ಇವೆ; 3478ರ ಜೊತೆಗೆ ಯುಡಿಪಿ 49152ರಿಂದ 65535ರವರೆಗೆ ಫೈರ್‌ವಾಲ್‌ನಲ್ಲಿ ಬಿಟ್ಟುಕೊಡಬೇಕು, ಅಷ್ಟೆ. ಪ್ರಾಸೊಡಿಯಾದರೆ ಕೋಟರ್ನ್ ಎಂಬ ಬೇರೆ ತಂತ್ರಾಂಶ ಹಾಕಿ ಜೋಡಿಸಬೇಕು. ಧ್ವನಿ, ವಿಡಿಯೊ ಕರೆಗಳೇ ನಿಮಗೆ ಮುಖ್ಯ ಅನ್ನುವುದಾದರೆ 4369 ಮತ್ತು 5280ನ್ನು ನೆನಪಿಟ್ಟುಕೊಂಡು ಇಜಾಬರ್‌ಡಿಯನ್ನೇ ಹಾಕಿ ಎನ್ನುತ್ತೇನೆ. ನಾವು ಮಾತಾಡಬೇಕಾದಾಗ ಫೋನ್ ಮಾಡುತ್ತೇವೆ.

ಹೊರಗಿನ ಸರ್ವರ್‌ಗಳ ಜೊತೆ ನಮಗೆ ವ್ಯವಹಾರ ಇಲ್ಲದ್ದರಿಂದ 5269 ಮುಚ್ಚಿದೆ. 5222 ಮತ್ತು 443 ಮಾತ್ರ ತೆರೆದಿವೆ ಎಂದು ಸಮಾಧಾನಪಟ್ಟುಕೊಂಡಿದ್ದೆ. ಒಂದು ತಿಂಗಳ ನಂತರ ಯಾವುದೋ ಕಾರಣಕ್ಕೆ ಯಂತ್ರದ ಐಪಿವಿ6 (ಹೊಸ ಬಗೆಯ ಇಂಟರ್‌ನೆಟ್) ವಿಳಾಸದ ಮೇಲೆ ಎನ್‌ಮ್ಯಾಪ್ ಓಡಿಸಿದರೆ 5269, 5281 ಎರಡೂ ಉತ್ತರ ಕೊಟ್ಟವು. ನಾನು ಬರೆದ ಫೈರ್‌ವಾಲ್ ನಿಯಮಗಳೆಲ್ಲ ಐಪಿವಿ4ಕ್ಕೆ ಮಾತ್ರ ಇದ್ದವು, ವಿಪಿಎಸ್‌ಗೆ ಎರಡೂ ಬಗೆಯ ವಿಳಾಸ ಸಿಕ್ಕಿತ್ತು. ಆ ರಾತ್ರಿಯೇ ಅದೇ ನಿಯಮಗಳನ್ನು ಐಪಿವಿ6ಕ್ಕೂ ಬರೆದೆ. ಪರೀಕ್ಷೆ ಮಾಡುವವರು ಎರಡು ವಿಳಾಸಗಳ ಮೇಲೂ ಮಾಡಿ.