ಗೊತ್ತಿಲ್ಲದವರ ಸಲಹೆ: ಒಂದೇ ಪ್ರಶ್ನೆ, ಬೇರೆ ಬೇರೆ ಜಾಗ

ಆನ್‌ಲೈನ್‌ನಲ್ಲಿ ಗೊತ್ತಿಲ್ಲದವರ ಸಲಹೆ ಕೇಳಲೇಬಾರದು ಅನ್ನುವವರು ಬಹಳ ಜನ ಇದ್ದಾರೆ. ನಾನು ಒಪ್ಪುವುದಿಲ್ಲ. ಮನೆಯವರನ್ನು ಕೇಳಲಾಗದ ಪ್ರಶ್ನೆಗಳು ಎಲ್ಲರಿಗೂ ಇರುತ್ತವೆ, ಯಾಕೆಂದರೆ ಮನೆಯವರೇ ಆ ಪ್ರಶ್ನೆಯ ಒಳಗಿರುತ್ತಾರೆ. ಆದರೆ ಎಲ್ಲಿ ಕೇಳುತ್ತೇವೆ ಅನ್ನುವುದು ಮುಖ್ಯ. ಒಂದೇ ಪ್ರಶ್ನೆಯನ್ನು ಬೇರೆ ಬೇರೆ ಜಾಗದಲ್ಲಿ ಕೇಳಿ ನೋಡಿದ್ದೇನೆ. ಉತ್ತರಗಳು ಒಂದಕ್ಕೊಂದು ಸಂಬಂಧವೇ ಇಲ್ಲದಷ್ಟು ಬೇರೆಯಾಗಿದ್ದವು. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಪ್ರಶ್ನೆ ಇದು. ಅಪ್ಪ ತೀರಿಕೊಂಡಿದ್ದಾರೆ. ವಿಲ್ ಬರೆದಿಲ್ಲ. ಊರಿನಲ್ಲಿ ತೆಂಗಿನ ತೋಟ, ಸ್ವಲ್ಪ ಹೊಲ, ಒಂದು ಮನೆ. ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕು ಎಂದು ಅಣ್ಣ ಕೇಳುತ್ತಿದ್ದಾನೆ. ಅಪ್ಪನ ಕೊನೆಗಾಲದಲ್ಲಿ ನೋಡಿಕೊಂಡವರು, ಈಗ ಅಮ್ಮನನ್ನು ನೋಡಿಕೊಳ್ಳುತ್ತಿರುವವರು ಅಣ್ಣ ಅತ್ತಿಗೆ. ನಾನು ಬೆಂಗಳೂರಿನಲ್ಲಿದ್ದೇನೆ, ಹಬ್ಬಕ್ಕೆ ಹೋಗಿ ಬರುತ್ತೇನೆ. ಸಹಿ ಹಾಕುವುದು ಸರಿಯಾ? ಪಾಲು ಕೇಳಿದರೆ ದುರಾಸೆ ಆಗುತ್ತದಾ? ಇಂಥ ಪ್ರಶ್ನೆಯನ್ನು ದೊಡ್ಡಪ್ಪನಿಗೆ ಕೇಳಿದರೆ ಸಂಜೆಯೊಳಗೆ ಊರಿಗೆಲ್ಲ ಗೊತ್ತಾಗುತ್ತದೆ. ಗಂಡನನ್ನು ಕೇಳಿದರೆ, ಅವರು ಏನೇ ಹೇಳಿದರೂ ಅಳಿಯ ಹೇಳಿಕೊಟ್ಟ ಅಂತ ತವರಿನಲ್ಲಿ ಮಾತು ಬರುತ್ತದೆ.

ಮೊದಲು ಕೇಳಿದ್ದು ಫೇಸ್‌ಬುಕ್‌ನ ಒಂದು ಕನ್ನಡ ಮಹಿಳಾ ಗುಂಪಿನಲ್ಲಿ. ಫೇಸ್‌ಬುಕ್ ಗುಂಪುಗಳಲ್ಲಿ ಹೆಸರು ಮರೆಸಿ ಪೋಸ್ಟ್ ಹಾಕಬಹುದು. ಓದುವವರಿಗೆ ಹೆಸರು ಕಾಣುವುದಿಲ್ಲ, ಗುಂಪಿನ ಅಡ್ಮಿನ್ ಮತ್ತು ಮಾಡರೇಟರ್‌ಗಳಿಗೆ ಕಾಣುತ್ತದೆ. ಹಾಕಿದ ಕೆಲವೇ ನಿಮಿಷಕ್ಕೆ ಕಾಮೆಂಟ್‌ಗಳು ಬರತೊಡಗಿದವು. ಈ ವೇಗ ಬೇರೆಲ್ಲೂ ಸಿಗಲಿಲ್ಲ. ಇನ್ನೊಂದು ಅನುಕೂಲ, ಇಲ್ಲಿ ಏನನ್ನೂ ಬಿಡಿಸಿ ಹೇಳಬೇಕಾಗಿಲ್ಲ. ಗೌರಿ ಹಬ್ಬಕ್ಕೆ ತವರಿನಿಂದ ಬಾಗಿನ ಬಾರದಿದ್ದರೆ ಎಷ್ಟು ನೋವಾಗುತ್ತದೆ ಎಂದು ಅಲ್ಲಿರುವ ಪ್ರತಿಯೊಬ್ಬರಿಗೂ ಗೊತ್ತು.

ಎರಡು ಪಕ್ಷ ಆಗುತ್ತದೆ ಅಂತ ನಿರೀಕ್ಷಿಸಿದ್ದೆ, ಆಯಿತು. ಆಸ್ತಿ ಇವತ್ತು ಇರುತ್ತದೆ ನಾಳೆ ಹೋಗುತ್ತದೆ, ತವರು ಮುಖ್ಯ ಅಂದವರು ಒಂದು ಕಡೆ. ಕಾನೂನೇ ಕೊಟ್ಟಿರುವಾಗ ಯಾಕೆ ಬಿಡುತ್ತೀರಿ ಅಂದವರು ಇನ್ನೊಂದು ಕಡೆ. ಇವೆರಡೂ ನನಗೆ ಜಾಸ್ತಿ ಉಪಯೋಗಕ್ಕೆ ಬರಲಿಲ್ಲ. ಆ ವಾದವನ್ನು ನಾನೇ ನನ್ನೊಳಗೆ ಮಾಡಿ ಮುಗಿಸಿದ್ದೆ.

ಉಪಯೋಗಕ್ಕೆ ಬಂದದ್ದು ಅತ್ತಿಗೆಯರ ಕಾಮೆಂಟ್‌ಗಳು. ಆ ಗುಂಪಿನಲ್ಲಿರುವ ಪ್ರತಿ ನಾದಿನಿಯೂ ಇನ್ಯಾರಿಗೋ ಅತ್ತಿಗೆಯೇ, ಅಲ್ವಾ? ಒಬ್ಬರು ಬರೆದದ್ದು ನನಗೆ ಇನ್ನೂ ನೆನಪಿದೆ. ಹಾಸಿಗೆ ಹಿಡಿದ ಅತ್ತೆಯ ಬಟ್ಟೆ ಒಗೆದು, ಊಟ ಮಾಡಿಸಿ, ರಾತ್ರಿ ಎದ್ದು ಕೂತು ನೋಡಿಕೊಂಡವರು ಅವರು. ಅತ್ತೆಯ ತಿಥಿ ಮುಗಿದ ವಾರವೇ ನಾದಿನಿ ಪಾಲಿನ ಮಾತೆತ್ತಿದರಂತೆ. ಪಾಲು ಕೊಡುವುದು ತಪ್ಪು ಅಂತ ಅವರು ಹೇಳಲಿಲ್ಲ. ನಾನು ಮಾಡಿದ್ದನ್ನು ಯಾರಾದರೂ ಒಂದು ಸಲ ಬಾಯಿಬಿಟ್ಟು ಹೇಳಿದ್ದರೆ ಸಾಕಿತ್ತು ಅಂದರು. ನನ್ನ ಅತ್ತಿಗೆ ನನಗೆ ಯಾವತ್ತೂ ಹೇಳಲಾಗದ ಮಾತು ಅದು. ಗೊತ್ತಿಲ್ಲದವರನ್ನು ಕೇಳುವುದರಿಂದ ಸಿಗುವ ದೊಡ್ಡ ಲಾಭ ಇದೇ ಎಂದು ನನಗನಿಸುತ್ತದೆ. ನಮ್ಮ ಎದುರು ಪಕ್ಷದಲ್ಲಿ ಇರುವವರು, ನಮ್ಮ ಮೇಲೆ ಸಿಟ್ಟಿಲ್ಲದೆ, ತಮ್ಮ ಕಷ್ಟ ಹೇಳಿಕೊಳ್ಳುತ್ತಾರೆ.

ಆ ಗುಂಪಿನ ಅಪಾಯವೂ ಚಿಕ್ಕದಲ್ಲ. ಕನ್ನಡದ ಗುಂಪುಗಳಲ್ಲಿ ಊರು, ಬೆಳೆ, ಮಕ್ಕಳ ಸಂಖ್ಯೆ ಹೇಳಿದರೆ ಸಾಕು, ಯಾರೋ ಗುರುತು ಹಿಡಿಯುತ್ತಾರೆ. ಇನ್ನೊಬ್ಬರ ಪೋಸ್ಟ್‌ನ ಸ್ಕ್ರೀನ್‌ಶಾಟ್ ಅವರ ಅತ್ತೆಯ ಫೋನಿಗೆ ಹೋಗಿ ರಂಪ ಆದದ್ದನ್ನು ಅಲ್ಲೇ ಓದಿದ್ದೆ. ಹಾಗಾಗಿ ನಾನು ತಾಲ್ಲೂಕಿನ ಹೆಸರು ಹಾಕಲಿಲ್ಲ, ತೋಟವನ್ನು ಬರೀ ಜಮೀನು ಅಂದೆ. ಇನ್ನೊಂದು ತೊಂದರೆ, ಕಾನೂನಿನ ವಿಷಯದಲ್ಲಿ ಅಲ್ಲಿ ಹಳೆಯ ಮಾತು ಓಡಾಡುತ್ತಿರುತ್ತದೆ. 1994ಕ್ಕೆ ಮುಂಚೆ ಮದುವೆಯಾದ ಹೆಣ್ಣುಮಕ್ಕಳಿಗೆ ಹಕ್ಕಿಲ್ಲ ಎಂದು ಬಹಳ ಜನ ಖಚಿತವಾಗಿ ಬರೆದರು.

ಅದು ಎಲ್ಲಿಂದ ಬಂದ ಮಾತು ಎಂದು ಗೊತ್ತಾದದ್ದು ರೆಡ್ಡಿಟ್ ಎಂಬ ಚರ್ಚಾ ತಾಣದ ಲೀಗಲ್‌ಅಡ್ವೈಸ್‌ಇಂಡಿಯಾ ವಿಭಾಗದಲ್ಲಿ, ಅಂದರೆ ಭಾರತದ ಕಾನೂನಿನ ಪ್ರಶ್ನೆ ಕೇಳುವ ಜಾಗದಲ್ಲಿ. ಇಲ್ಲಿ ಯಾರೂ ತವರು, ಬಾಂಧವ್ಯ ಅನ್ನಲಿಲ್ಲ. ಉತ್ತರಕ್ಕೆ ಮೊದಲು ನನಗೇ ಪ್ರಶ್ನೆ ಹಾಕಿದರು. ಆಸ್ತಿ ಪಿತ್ರಾರ್ಜಿತವೋ ಸ್ವಯಾರ್ಜಿತವೋ? ಪಹಣಿಯಲ್ಲಿ ಯಾರ ಹೆಸರಿದೆ? ಹಿಂದೆ ವಿಭಾಗ ಪತ್ರ ರಿಜಿಸ್ಟರ್ ಆಗಿದೆಯಾ, ಯಾವ ವರ್ಷ? ಈ ಪ್ರಶ್ನೆಗಳಿಗೆ ಉತ್ತರ ಹುಡುಕುವಾಗಲೇ ನನ್ನ ಅರ್ಧ ಗೊಂದಲ ಕರಗಿತು.

ವಿಷಯ ಹೀಗೆ. ಕರ್ನಾಟಕ 1994ರ ಜುಲೈ 30ರಿಂದ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಸಮಪಾಲು ಕೊಟ್ಟಿತ್ತು. ಆದರೆ ಅದಕ್ಕೆ ಮುಂಚೆ ಮದುವೆಯಾದವರನ್ನು ಹೊರಗಿಟ್ಟಿತ್ತು. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರ ಸೆಪ್ಟೆಂಬರ್ 9ರಂದು ಜಾರಿಗೆ ಬಂದ ಕೇಂದ್ರದ ತಿದ್ದುಪಡಿಯಲ್ಲಿ ಮದುವೆಯಾದವರು ಆಗದವರು ಅನ್ನುವ ಭೇದ ಇಲ್ಲ. ಆ ದಿನ ಅಪ್ಪ ಬದುಕಿರಲೇಬೇಕು ಅಂತಲೂ ಇಲ್ಲ ಎಂದು 2020ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟ್ ವಿನೀತಾ ಶರ್ಮಾ ಪ್ರಕರಣದಲ್ಲಿ ಹೇಳಿತು. 2004ರ ಡಿಸೆಂಬರ್ 20ಕ್ಕೆ ಮುಂಚೆ ರಿಜಿಸ್ಟರ್ ಆದ ಅಥವಾ ಕೋರ್ಟ್ ಡಿಕ್ರಿಯಿಂದ ಆದ ಆಸ್ತಿ ವಿಭಾಗವನ್ನು, ಆಗಲೇ ಆಗಿಹೋದ ಮಾರಾಟದಂಥ ವಿಲೇವಾರಿಯನ್ನು ಈ ತಿದ್ದುಪಡಿ ಮುಟ್ಟುವುದಿಲ್ಲ. ಇನ್ನು ಅಪ್ಪನ ಸ್ವಂತ ದುಡಿಮೆಯ ಆಸ್ತಿ ಆಗಿದ್ದು ವಿಲ್ ಇಲ್ಲದಿದ್ದರೆ, ನಮ್ಮ ಮನೆಯ ಲೆಕ್ಕದಲ್ಲಿ ಅಮ್ಮ, ಅಣ್ಣ, ನಾನು ಮೂವರಿಗೂ ಸಮ.

ಅಮ್ಮ! ಮಹಿಳಾ ಗುಂಪಿನ ಅಷ್ಟು ಕಾಮೆಂಟ್‌ಗಳಲ್ಲಿ ಅಮ್ಮನಿಗೂ ಒಂದು ಪಾಲಿದೆ ಎಂದು ಯಾರೂ ಬರೆದಿರಲಿಲ್ಲ. ಅಣ್ಣ ನೋಡಿಕೊಳ್ಳುತ್ತಾನೆ, ತಂಗಿ ಬಿಟ್ಟುಕೊಡುತ್ತಾಳೋ ಇಲ್ಲವೋ, ಇಷ್ಟರಲ್ಲೇ ಮಾತು ಸುತ್ತುತ್ತಿತ್ತು. ಕಾನೂನಿನ ಜಾಗದ ಒಣ ಲೆಕ್ಕವೇ ಅಮ್ಮನನ್ನು ಎದುರಿಗೆ ತಂದು ನಿಲ್ಲಿಸಿತು.

ಅಲ್ಲಿ ಉತ್ತರಿಸುವವರು ವಕೀಲರೋ ಅಲ್ಲವೋ ತಿಳಿಯುವುದಿಲ್ಲ. ಅದಕ್ಕೇ ಅಲ್ಲಿ ಓದಿದ್ದನ್ನು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ ಇನ್ನೊಮ್ಮೆ ಕೇಳಿದೆ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯ ಪ್ರಕಾರ ಹೆಂಗಸರಿಗೆ ಆದಾಯ ಎಷ್ಟೇ ಇರಲಿ, ಕಾನೂನು ನೆರವು ಉಚಿತ. ಸಹಾಯವಾಣಿ 15100. ಇದು ಬಹಳ ಹೆಣ್ಣುಮಕ್ಕಳಿಗೆ ಗೊತ್ತೇ ಇಲ್ಲ. ದಯವಿಟ್ಟು ಗೊತ್ತಿರುವವರಿಗೆಲ್ಲ ಹೇಳಿ.

ಇನ್ನು ರೆಡ್ಡಿಟ್‌ನದೇ ಇನ್ನೊಂದು ವಿಭಾಗ, ಆ್ಯಮ್ ಐ ದಿ ಆಸ್‌ಹೋಲ್, ಅಂದರೆ ಇಲ್ಲಿ ಕೆಟ್ಟವರು ನಾನೇನಾ ಎಂದು ಕೇಳುವ ಜಾಗ. ಒಬ್ಬ ಅಮೆರಿಕನ್ ಫೋಟೋಗ್ರಾಫರ್ 2013ರಲ್ಲಿ ಆಫೀಸಿನ ಎಸಿ ಎಷ್ಟಿರಬೇಕು ಅನ್ನುವ ತಕರಾರನ್ನು ಜನರ ಮುಂದಿಡಲು ಶುರು ಮಾಡಿದ್ದು. ಈಗ ಜಗತ್ತಿನ ಜಗಳಗಳೆಲ್ಲ ಅಲ್ಲಿಗೆ ಬರುತ್ತವೆ. ನಿಮ್ಮ ಕಥೆ 3,000 ಅಕ್ಷರದೊಳಗೆ ಇರಬೇಕು. ಓದಿದವರು ನಿಮ್ಮದು ತಪ್ಪು, ನಿಮ್ಮದಲ್ಲ, ಎಲ್ಲರದ್ದೂ ತಪ್ಪು, ಯಾರದ್ದೂ ಅಲ್ಲ ಎಂದು ಗುರುತು ಹಾಕಿ ಬರೆಯುತ್ತಾರೆ. 18 ಗಂಟೆ ಕಳೆದ ಮೇಲೆ ಎಲ್ಲಕ್ಕಿಂತ ಹೆಚ್ಚು ವೋಟು ಪಡೆದ ಕಾಮೆಂಟಿನದೇ ತೀರ್ಪು.

3,000 ಅಕ್ಷರದ ಮಿತಿ ಒಳ್ಳೆಯದು. ಬರೆಯುತ್ತಾ ಬರೆಯುತ್ತಾ ಯಾವುದು ಮುಖ್ಯ, ಯಾವುದು ಬರೀ ಹಳೆಯ ಸಿಟ್ಟು ಎಂದು ನಮಗೇ ಬೇರೆಯಾಗುತ್ತದೆ. ಸಹಿ ಹಾಕಲ್ಲ ಅಂದರೆ ನಾನು ಕೆಟ್ಟವಳಾ ಎಂದು ಕೇಳಿದೆ. ಬಹುಪಾಲು ಜನ ನಿಮ್ಮ ತಪ್ಪಿಲ್ಲ, ವಕೀಲರನ್ನು ಹಿಡಿಯಿರಿ, ಅಣ್ಣನ ಜೊತೆ ಮಾತು ನಿಲ್ಲಿಸಿ ಅಂದರು. ತೀರ್ಪು ನನ್ನ ಕಡೆಗೇ ಬಂತು, ಆದರೂ ಮನಸ್ಸಿಗೆ ಏನೂ ಹತ್ತಲಿಲ್ಲ. ಅವರ ಕಣ್ಣಿಗೆ ಅಣ್ಣ ಒಬ್ಬ ವ್ಯಕ್ತಿ, ನಾನು ಇನ್ನೊಬ್ಬ ವ್ಯಕ್ತಿ, ನಡುವೆ ಒಂದು ಆಸ್ತಿ. ಮಾತು ನಿಲ್ಲಿಸಿದರೆ ಅಮ್ಮನನ್ನು ನೋಡಲು ಯಾವ ಬಾಗಿಲಿನಿಂದ ಹೋಗಲಿ ಅನ್ನುವುದು ಆ ಲೆಕ್ಕದಲ್ಲಿ ಇಲ್ಲ. ತಪ್ಪು ಯಾರದ್ದು ಅನ್ನುವ ಪ್ರಶ್ನೆಗೆ ಆ ಜಾಗ ಸರಿ. ಮುಂದೆ ಏನು ಮಾಡಲಿ ಅನ್ನುವುದಕ್ಕೆ ಅಲ್ಲ. ಸಲಹೆ ಕೇಳುವ ಜಾಗ ಇದಲ್ಲ ಎಂದು ಅವರ ನಿಯಮವೇ ಹೇಳುತ್ತದೆ.

ಆದರೂ ಅಲ್ಲಿ ಕೆಳಗೆಲ್ಲೋ ಸಿಕ್ಕ ಒಂದು ಕಾಮೆಂಟ್ ಬೆಲೆಬಾಳುವಂಥದ್ದು. ಅಪ್ಪನನ್ನು ನೋಡಿಕೊಂಡ ಅಷ್ಟು ವರ್ಷಕ್ಕೆ ಸಂಬಳದ ಆಳು ಇಟ್ಟಿದ್ದರೆ ಎಷ್ಟು ಖರ್ಚಾಗುತ್ತಿತ್ತು, ಅದನ್ನು ಲೆಕ್ಕ ಹಾಕಿ ಆಸ್ತಿಯಿಂದ ಮೊದಲು ಅವರಿಗೆ ತೆಗೆದಿಟ್ಟು, ಉಳಿದದ್ದನ್ನು ಹಂಚಿಕೊಳ್ಳಬಹುದಲ್ಲ ಎಂದು ಒಬ್ಬರು ಕೇಳಿದರು. ಸೇವೆಗೆ ದುಡ್ಡಿನ ಲೆಕ್ಕ ಹಾಕುವುದು ನಮ್ಮಲ್ಲಿ ಕೆಟ್ಟ ಮಾತು. ಲೆಕ್ಕ ಹಾಕದೇ ಇದ್ದರೆ ಅದು ಸೊನ್ನೆಯಾಗುತ್ತದೆ ಅನ್ನುವುದೂ ನಿಜ. ಹೀಗೂ ಒಂದು ದಾರಿ ಇದೆ ಅಂತ ಮಹಿಳಾ ಗುಂಪಿನ ಯಾವ ಪಕ್ಷಕ್ಕೂ ಹೊಳೆದಿರಲಿಲ್ಲ.

ನನಗೆ ಅತಿ ಹೆಚ್ಚು ನೆರವಾದದ್ದು ಆಸ್ಕ್ ಮೆಟಾಫಿಲ್ಟರ್. ಇಂಗ್ಲಿಷಿನ ಹಳೆಯ ಪ್ರಶ್ನೋತ್ತರ ತಾಣ, 2003ರಿಂದ ಇದೆ. ಖಾತೆ ತೆರೆಯಲು ಒಂದೇ ಸಲ 5 ಡಾಲರ್ ಕೊಡಬೇಕು. ಆ ಸಣ್ಣ ಹಣ ಸುಮ್ನೆ ಬಂದು ಬೈದು ಹೋಗುವವರನ್ನು ಹೊರಗಿಡುತ್ತದೆ. ಕೇಳಿದ್ದಕ್ಕೆ ಉತ್ತರ ಅಲ್ಲದ ಕಾಮೆಂಟನ್ನು ತಾಣ ನಡೆಸುವವರು ಅಳಿಸುತ್ತಾರೆ. ಹೆಸರಿಲ್ಲದೆ ಕೇಳುವುದಾದರೆ ಪ್ರಶ್ನೆಯನ್ನು ಅವರೇ ಮೊದಲು ಓದಿ ಪ್ರಕಟಿಸುತ್ತಾರೆ. ಹಾಗಾಗಿ ತಡವಾಗುತ್ತದೆ. ಕನ್ನಡದಲ್ಲಿ ಕೇಳಲಾಗದು, ಇಂಗ್ಲಿಷೇ ಬೇಕು. ಬಾಗಿನ, ತವರು, ಪಹಣಿ ಎಲ್ಲವನ್ನೂ ಬಿಡಿಸಿ ಬರೆಯಬೇಕಾಯಿತು.

ನನಗೆ ಉತ್ತರ ಕೊಟ್ಟವರಲ್ಲಿ ಹೆಚ್ಚಿನವರು ವಯಸ್ಸಾದ ತಂದೆ ತಾಯಿಯನ್ನು ನೋಡಿಕೊಂಡವರು, ಒಡಹುಟ್ಟಿದವರ ಜೊತೆ ಇದೇ ಮಾತುಕತೆ ಮುಗಿಸಿದವರು. ಯಾರ ತಪ್ಪು ಎಂದು ಅವರು ಹೇಳಲೇ ಇಲ್ಲ. ಅಣ್ಣನ ಹತ್ತಿರ ಏನು ಮಾತಾಡಬೇಕು ಎಂದು ವಾಕ್ಯ ವಾಕ್ಯವಾಗಿ ಬರೆದುಕೊಟ್ಟರು. ಇಲ್ಲ ಅನ್ನಬೇಡಿ, ಓದಲು ಸಮಯ ಬೇಕು ಅನ್ನಿ. ಮೊದಲು ಅವರು ಮಾಡಿದ್ದಕ್ಕೆ ಹೆಸರು ಹಿಡಿದು ಕೃತಜ್ಞತೆ ಹೇಳಿ, ಅದೇ ಉಸಿರಿನಲ್ಲಿ ಪಾಲಿನ ಮಾತು ತರಬೇಡಿ, ಇನ್ನೊಂದು ದಿನ ಇಟ್ಟುಕೊಳ್ಳಿ. ಅಮ್ಮನಿಗೆ ಏನು ಬೇಕು ಎಂದು ಅಮ್ಮನನ್ನೇ ಕೇಳಿ, ಅಣ್ಣ ಪಕ್ಕದಲ್ಲಿ ಇಲ್ಲದಾಗ.

ಹಾಗೆಯೇ ಮಾಡಿದೆ. ಮೊದಲು ಮಾತಾಡಿದ್ದು ಅತ್ತಿಗೆಯ ಹತ್ತಿರ. ಅಮ್ಮನನ್ನು ಕೇಳಿದಾಗ, ಪಹಣಿಯಲ್ಲಿ ತನ್ನ ಹೆಸರೂ ಇರಲಿ ಅಂದರು. ಅಪ್ಪ ಹೋದ ಮೇಲೆ ಆ ಮಾತನ್ನು ಅಮ್ಮನಿಗೆ ಯಾರೂ ಕೇಳಿರಲಿಲ್ಲ. ಬಿಡುಗಡೆ ಪತ್ರ ಈಗ ಬದಿಗಿದೆ. ಮೂವರ ಹೆಸರಿಗೂ ಪೌತಿ ಖಾತೆ ಮಾಡಿಸಲು, ಅಂದರೆ ಅಪ್ಪನ ಹೆಸರಿನಲ್ಲಿದ್ದ ಖಾತೆಯನ್ನು ವಾರಸುದಾರರಾದ ನಮ್ಮ ಹೆಸರಿಗೆ ಬದಲಾಯಿಸಲು, ಅಣ್ಣ ಒಪ್ಪಿದ್ದಾನೆ. ಹಂಚಿಕೆ ಹೇಗೆ ಅನ್ನುವುದು ಇನ್ನೂ ಬಾಕಿ ಇದೆ, ಆ ಮಾತು ಅಷ್ಟು ಸುಲಭವೂ ಅಲ್ಲ.

ಕೋರಾ ಎಂಬ ಪ್ರಶ್ನೋತ್ತರ ತಾಣದ ಕನ್ನಡ ಆವೃತ್ತಿಯಲ್ಲೂ ಕೇಳಿ ನೋಡಿದೆ. ಅಲ್ಲಿ ಪ್ರಶ್ನೆ ಒಂದು ಸಾಲಿನದು, ನಮ್ಮ ಮನೆಯ ವಿವರಕ್ಕೆ ಜಾಗ ಸಾಲದು. ಪೌತಿ ಖಾತೆ ಎಂದರೇನು, ವಂಶವೃಕ್ಷ ಎಲ್ಲಿ ಮಾಡಿಸಬೇಕು ಎಂಬಂಥ ಎಲ್ಲರಿಗೂ ಒಂದೇ ಆಗಿರುವ ಪ್ರಶ್ನೆಗಳಿಗೆ ಚೆನ್ನ. ಅಚ್ಚುಕಟ್ಟಾದ ಕನ್ನಡದಲ್ಲಿ ಉತ್ತರ ಸಿಗುತ್ತದೆ.

ದಿನನಿತ್ಯದ ಸಣ್ಣ ಪ್ರಶ್ನೆಗಳಿಗೆ ಈ ಲೆಕ್ಕವೇ ಬೇರೆ. ಮನೆ ಖಾಲಿ ಮಾಡುವಾಗ ಓನರ್ ಪೇಂಟಿಂಗ್ ಹೆಸರಲ್ಲಿ ಒಂದು ತಿಂಗಳ ಬಾಡಿಗೆ ಹಿಡಿದುಕೊಳ್ಳುತ್ತಾರಲ್ಲ, ಅದನ್ನು ಕೇಳಬೇಕಾದ್ದು ರೆಡ್ಡಿಟ್‌ನ ಬೆಂಗಳೂರು ವಿಭಾಗದಲ್ಲಿ. ಅಲ್ಲಿ ಅದೇ ಅನುಭವದವರು ಬೇಕಾದಷ್ಟು ಜನ ಇದ್ದಾರೆ, ಅಗ್ರಿಮೆಂಟಿನಲ್ಲಿ ಯಾವ ಸಾಲು ನೋಡಬೇಕು ಎಂದು ಹೇಳುತ್ತಾರೆ. ಅಪಾರ್ಟ್‌ಮೆಂಟಿನ ವಾಟ್ಸ್‌ಆ್ಯಪ್ ಗುಂಪು ಪ್ಲಂಬರ್ ನಂಬರಿಗೆ ಸಾಕು.

ಆದರೆ ಸಣ್ಣದು ಅಂತ ಕಂಡರೂ ನ್ಯಾಯದ ಪ್ರಶ್ನೆಗಳು ಕೆಲವು ಇವೆ. ಮನೆಕೆಲಸದವರು ಮಗಳ ಬಾಣಂತನಕ್ಕೆ ಒಂದು ತಿಂಗಳು ರಜೆ ಹಾಕಿದರೆ ಸಂಬಳ ಕೊಡಬೇಕಾ? ಅಪಾರ್ಟ್‌ಮೆಂಟ್ ಗುಂಪಿನಲ್ಲಿ ಯಾರೋ ಇದನ್ನು ಕೇಳಿದರು. ಕೊಟ್ಟರೆ ರೂಢಿಯಾಗುತ್ತದೆ, ಉಳಿದವರಿಗೂ ಕಷ್ಟ ಅಂತ ಸಾಲುಸಾಲು ಉತ್ತರ ಬಂತು. ಉತ್ತರ ಕೊಟ್ಟವರೆಲ್ಲ ಸಂಬಳ ಕೊಡುವವರೇ. ಸಂಬಳ ತೆಗೆದುಕೊಳ್ಳುವ ಒಬ್ಬರೂ ಆ ಗುಂಪಿನಲ್ಲಿ ಇಲ್ಲ, ಇರಲು ಅವರಿಗೆ ಅವಕಾಶವೂ ಇಲ್ಲ. ಮಹಿಳಾ ಗುಂಪಿನಲ್ಲಿ ಅತ್ತಿಗೆಯರು ಇದ್ದದ್ದಕ್ಕೇ ನನಗೆ ಬೇಕಾದ ಉತ್ತರ ಸಿಕ್ಕಿತು. ಇಲ್ಲಿ ಆ ಬಾಯಿಯೇ ಇಲ್ಲ. ಈ ಪ್ರಶ್ನೆಗೆ ನಾನು ಕೇಳಿದ್ದು ನಮ್ಮ ಮನೆಗೆ ಬರುವ ಅಕ್ಕನನ್ನೇ. ಬೇರೆ ಮನೆಗಳಲ್ಲಿ ಏನು ಮಾಡುತ್ತಾರೆ, ಏನಾದರೆ ಅನುಕೂಲ ಎಂದು ಅವರು ನೇರವಾಗಿ ಹೇಳಿದರು.

ಇನ್ನು ಕೆಲವು ಪೋಸ್ಟ್‌ಗಳು ಮಧ್ಯರಾತ್ರಿ ಬರುತ್ತವೆ. ಬದುಕೇ ಬೇಡ ಅನ್ನಿಸುತ್ತಿದೆ, ಏನು ಮಾಡಲಿ ಎಂದು ಬರೆದಿರುತ್ತಾರೆ. ಕೆಳಗೆ ಧೈರ್ಯವಾಗಿರಿ ಎಂಬ ಕಾಮೆಂಟ್‌ಗಳು, ಕೈಮುಗಿದ ಚಿತ್ರಗಳು. ಪ್ರೀತಿಯಿಂದಲೇ ಹಾಕಿರುತ್ತಾರೆ, ಆದರೆ ಈ ಪ್ರಶ್ನೆಯನ್ನು ಮೇಲೆ ಹೇಳಿದ ಯಾವ ಜಾಗಕ್ಕೂ ಬಿಡಬಾರದು. ಅಂಥ ಪೋಸ್ಟ್ ಕಂಡರೆ ನಾನು ಬರೆಯುವುದು ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ ನಂಬರು, 14416. ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಶುರು ಮಾಡಿದ ಸೇವೆ, ನಮ್ಮ ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರ. ಹಗಲು ರಾತ್ರಿ ಇರುತ್ತದೆ, ಹಣ ಕೊಡಬೇಕಾಗಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಮನೆಯಲ್ಲಿ ಹೊಡೆತ ಬಡಿತ ಇದ್ದರೆ ಮಹಿಳಾ ಸಹಾಯವಾಣಿ 181, ಆ ಕ್ಷಣಕ್ಕೇ ಅಪಾಯ ಇದ್ದರೆ 112. ಆ ಕಡೆ ಫೋನ್ ಎತ್ತುವವರೂ ಗೊತ್ತಿಲ್ಲದವರೇ, ಆದರೆ ಅವರಿಗೆ ಆ ಕೆಲಸದ ತರಬೇತಿ ಇದೆ.