ಮನೆಯಲ್ಲಿ ಯಾರಿದ್ದಾರೆ? ಮೊಬೈಲ್, ಪಿಐಆರ್, ರಾಡಾರ್

ಮನೆಯಲ್ಲಿ ಜನ ಇದ್ದಾರೆಯೇ ಎಂದು ತಾನೇ ತಿಳಿದು ದೀಪ ಹಚ್ಚಿ ಆರಿಸುವ ವ್ಯವಸ್ಥೆಗೆ ಮೊಬೈಲ್, ಪಿಐಆರ್, ರಾಡಾರ್ ಎಂಬ ಮೂರು ದಾರಿಗಳಿವೆ; ಸಕಲೇಶಪುರದ ನಿಮ್ಮ ತೋಟದ ಮನೆಗೆ ಯಾವುದು ಸರಿ ಎಂದು ಕೇಳಿದ್ದೀರಿ. ಖರ್ಚು ನೋಡಿದರೆ ಮೊಬೈಲೇ ಅಗ್ಗ. ಅದು ವೈಫೈಗೆ ಸೇರಿದೆಯೇ ಎಂದು ಗಮನಿಸಿದರೆ ಆಯಿತು. ಆದರೆ ಪರದೆ ಆರಿದ ಮೇಲೆ ಕೆಲವು ಫೋನ್‌ಗಳು ವೈಫೈಯಿಂದ ಜಾರಿಕೊಳ್ಳುತ್ತವೆ. ಹತ್ತು ನಿಮಿಷ ಕಾದು ‘ಹೊರಗೆ ಹೋದರು’ ಎನ್ನುವಂತೆ ಹೊಂದಿಸಿ. ಜಿಪಿಎಸ್ ಆಧರಿಸಿದರೆ ಇಂಟರ್ನೆಟ್ಟೂ ಬೇಕು; ಮಳೆಗಾಲದಲ್ಲಿ ಅದರ ಪಾಡು ನಿಮಗೇ ಗೊತ್ತು.

ಫೋನೇ ಮುಟ್ಟದವರ ಗತಿ? ಹಾಸನದ ನಮ್ಮ ಮನೆಯಲ್ಲಿ ಪಿಐಆರ್, ಅಂದರೆ ದೇಹದ ಶಾಖ ಗುರುತಿಸುವ ಸೆನ್ಸರ್, ಹಾಕಿಸಿದ್ದೆ. ಬೆಚ್ಚಗಿನ ದೇಹ ಅಲುಗಾಡಿದರಷ್ಟೇ ಅದಕ್ಕೆ ಎಚ್ಚರ. ಅಜ್ಜಿ ಜಪಮಾಲೆ ಹಿಡಿದು ಕುಳಿತರೆ ಐದೇ ನಿಮಿಷಕ್ಕೆ ದೀಪ ಆರುತ್ತಿತ್ತು. ಕತ್ತಲಲ್ಲಿ ಕೈ ಬೀಸಿ, “ನಾನಿನ್ನೂ ಇದ್ದೇನಪ್ಪ” ಎನ್ನುತ್ತಿದ್ದರು.

ಮಿಲಿಮೀಟರ್ ತರಂಗದ ರಾಡಾರ್ ಎಂದರೆ ಸಣ್ಣ ರೇಡಿಯೊ ಅಲೆ ಕಳಿಸಿ, ತಾಗಿ ಮರಳಿದ್ದನ್ನು ಗಮನಿಸುವ ಸೆನ್ಸರ್; ಅದು ಉಸಿರಿಗೆ ಎದೆ ಏರಿಳಿಯುವುದನ್ನೂ ಹಿಡಿಯುತ್ತದೆ. ಬೆಲೆ ಹೆಚ್ಚು, ತಿರುಗುವ ಫ್ಯಾನನ್ನೂ ಮನುಷ್ಯನೆಂದು ಭ್ರಮಿಸಬಹುದು. ಸಾಮಾನ್ಯವಾಗಿ ಸದಾ ವಿದ್ಯುತ್ ಬೇಡುತ್ತದೆ. ಪಿಐಆರ್‌ಗೆ ಪುಟ್ಟ ಬ್ಯಾಟರಿ ತಿಂಗಳುಗಟ್ಟಲೆ ಸಾಕು. ಗಾಳಿಮಳೆಗೆ ಕರೆಂಟ್ ಹೋಗುವ ಕಡೆ ಇದು ಸಣ್ಣ ಮಾತಲ್ಲ.

ಎಲ್ಲರೂ ಬೆಳಗ್ಗೆ ಹೊರಡುವ ಮನೆಯಾದರೆ ಮೊಬೈಲ್ ಸಾಕು. ಓಡಾಡುವ ಪಡಸಾಲೆಗೆ, ಬಚ್ಚಲಿಗೆ ಪಿಐಆರ್. ಹಿರಿಯರು ಗಂಟೆಗಟ್ಟಲೆ ಕೂರುವ ಕೋಣೆಗೆ ರಾಡಾರ್, ಅದೂ ಯುಪಿಎಸ್ ಇದ್ದರೆ.